ಲಸಿಕೆ ಮತ್ತು ಜನವಿಶ್ವಾಸ: ೧೮೯೮ರ ಹುಬ್ಬಳ್ಳಿಯನ್ನು ಕುರಿತು ಒಂದು ವಿವೇಚನೆ

ಒಂದು ಊರಿನಲ್ಲಿ ಇಷ್ಟು ಸಾವಿರ ಜನರು ಲಸಿಕೆ ಹಾಕಿಸಿಕೊಂಡರೆಂಬ ಅಂಕಿ ದೊರೆತ ಕೂಡಲೆ, ಆ ಜನರಿಗೆ ಲಸಿಕೆಯಲ್ಲಿ ವಿಶ್ವಾಸವಿತ್ತೆಂದು ನಾವು ತೀರ್ಮಾನಿಸುವುದು ವಾಡಿಕೆ. ಅಂಕಿ ಕಡಮೆಯಾದರೆ ಅದೇ ಜನರನ್ನು ಅಜ್ಞಾನಿಗಳೆಂದೂ ಮೂಢನಂಬಿಕೆಯವರೆಂದೂ ಕರೆಯುತ್ತೇವೆ. ಈ ಎರಡು ತೀರ್ಮಾನಗಳೂ ಅವಸರದವು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ದೂರದ ನಿದರ್ಶನವನ್ನು ಅರಸಬೇಕಾಗಿಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ನಡೆದ ಚುಚ್ಚುಮದ್ದಿನ ಕಾರ್ಯವು ಅಂದಿನ ವೈದ್ಯಲೋಕದಲ್ಲಿ ವಿಶೇಷ ಚರ್ಚೆಗೆ ಒಳಗಾಗಿತ್ತು.

೧. ಹಿನ್ನೆಲೆ

೧೮೯೬ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗನ್ನು ಗುರುತಿಸಿದರು. ಆಗ ಭಾರತದಲ್ಲಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಗೆ ಬಂದು, ಪ್ಲೇಗಿನ ರೋಗಾಣುಗಳನ್ನು ಬೆಳೆಸಿ, ಅವುಗಳನ್ನು ಕಾಯಿಸಿ ಕೊಂದು ಒಂದು ಲಸಿಕೆಯನ್ನು ಸಿದ್ಧಗೊಳಿಸಿದನು. ೧೮೯೭ರ ಜನವರಿ ೧೦ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು.

ಅದೇ ವರ್ಷದ ಫೆಬ್ರುವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಮನೆಗಳ ಶೋಧ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವುದು, ಮನೆಯವರನ್ನು ಪ್ರತ್ಯೇಕ ಶಿಬಿರಗಳಲ್ಲಿಡುವುದು, ರೈಲು ಪ್ರಯಾಣಿಕರ ತಪಾಸಣೆ ಮುಂತಾದ ಕ್ರಮಗಳಿಗೆ ಈ ಕಾಯಿದೆಯು ಬಲವಾಯಿತು. ಪುಣೆಯಲ್ಲಿ ಸೈನಿಕರೇ ಮನೆಗಳನ್ನು ಹೊಕ್ಕರು. ದೇವರ ಮನೆ, ಅಡಿಗೆ ಮನೆ, ಹೆಂಗಸರಿರುವ ಒಳಮನೆ ಯಾವುದೂ ಉಳಿಯಲಿಲ್ಲವೆಂಬ ದೂರು ಎದ್ದಿತು. ೧೮೯೭ರ ಜೂನ್ ೨೨ರಂದು ಚಾಫೇಕರ ಸಹೋದರರು ಪ್ಲೇಗ್ ಅಧಿಕಾರಿ ರ್ಯಾಂಡನ ಮೇಲೆ ಗುಂಡು ಹಾರಿಸಿದರು. ಪುಣೆಯ ಸುದ್ದಿ ಮುಂಬಯಿ ಇಲಾಖೆಯ ಎಲ್ಲ ಊರುಗಳನ್ನೂ ಮುಟ್ಟಿತು. ಧಾರವಾಡ ಜಿಲ್ಲೆಯ ಜನರು ರೋಗವನ್ನು ಕಾಣುವ ವೇಳೆಗೆ ರೋಗದ ಭಯದೊಡನೆ ಸರಕಾರದ ಭಯವೂ ಮನೆಮಾಡಿತ್ತು.

೨. ಹುಬ್ಬಳ್ಳಿಯಲ್ಲಿ ನಡೆದುದು

ಹುಬ್ಬಳ್ಳಿಯು ಆಗ ಸುಮಾರು ಐವತ್ತು ಸಾವಿರ ಜನರ ಊರು. ಹತ್ತಿಯ ಪೇಟೆ, ನೇಕಾರರ ಓಣಿಗಳು, ನೂಲಿನ ಗಿರಣಿ, ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಇವುಗಳಿಂದಾಗಿ ಬೇರೆ ಬೇರೆ ಜಾತಿ, ಮತ, ಭಾಷೆಗಳ ಜನರು ಇಲ್ಲಿ ಕೂಡಿ ಬಾಳುತ್ತಿದ್ದರು. ೧೮೯೮ರಲ್ಲಿ ಪ್ಲೇಗು ಇಲ್ಲಿ ಪ್ರಬಲವಾದಾಗ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಹಾಫ್‌ಕಿನ್ನನ ಲಸಿಕೆಯನ್ನು ಹಾಕುವ ಕಾರ್ಯ ಆರಂಭವಾಯಿತು. ಮೇ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳ ಕೊನೆಯವರೆಗೆ ೩೫,೦೦೦ಕ್ಕೂ ಹೆಚ್ಚು ಜನರು ಚುಚ್ಚಿಸಿಕೊಂಡರು. ಅವರಲ್ಲಿ ಅನೇಕರು ಎರಡು ಬಾರಿ ಚುಚ್ಚಿಸಿಕೊಂಡರು. ಒಂದು ಇಡೀ ನಗರವೇ ಹೀಗೆ ಲಸಿಕೆಗೆ ತೋಳೊಡ್ಡಿದ ನಿದರ್ಶನ ಆ ಕಾಲದಲ್ಲಿ ತೀರ ವಿರಳ.

ಲ್ಯೂಮನ್ ಚುಚ್ಚಿಸಿಕೊಳ್ಳದವರು, ಒಮ್ಮೆ ಚುಚ್ಚಿಸಿಕೊಂಡವರು, ಎರಡು ಬಾರಿ ಚುಚ್ಚಿಸಿಕೊಂಡವರು ಎಂದು ಜನರನ್ನು ವಿಂಗಡಿಸಿ ವಾರವಾರದ ಸಾವುಗಳನ್ನು ಬರೆದಿಟ್ಟನು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಮೆಯೆಂದು ಆ ಪಟ್ಟಿಗಳು ಹೇಳುತ್ತವೆ. ಆದರೆ ಇಂಥ ಪಟ್ಟಿಗಳನ್ನು ಓದುವಾಗ ಎಚ್ಚರ ಬೇಕು. ಪ್ಲೇಗಿನ ಊರಿನಲ್ಲಿ ಜನಸಂಖ್ಯೆ ನಿಲ್ಲುವುದಿಲ್ಲ. ಕೆಲವರು ಊರು ಬಿಡುತ್ತಾರೆ, ಕೆಲವರು ಮರಳುತ್ತಾರೆ. ಚುಚ್ಚಿಸಿಕೊಳ್ಳದವರ ಗುಂಪು ವಾರವಾರಕ್ಕೆ ಕರಗುತ್ತ ಹೋದಂತೆ ಆ ಗುಂಪಿನ ಸಾವಿನ ಪ್ರಮಾಣವು ಲೆಕ್ಕದ ಸಣ್ಣ ತಪ್ಪಿನಿಂದಲೂ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರೊಫೆಸರ್ ಫ್ರೇಜರನ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗವು ಲಸಿಕೆಯ ಅಂಕಿಗಳ ಇಂಥ ದೋಷಗಳನ್ನು ಗಮನಿಸಿತು. ಆದರೂ ಲಸಿಕೆಯು ರೋಗದ ತಾಗುವಿಕೆಯನ್ನು ತಕ್ಕಮಟ್ಟಿಗೆ ಕುಗ್ಗಿಸುವುದು, ಪೂರ್ಣ ರಕ್ಷಣೆಯನ್ನು ಮಾತ್ರ ಕೊಡಲಾರದು ಎಂಬ ನಿರ್ಣಯಕ್ಕೆ ಬಂದಿತು.

೩. ಒಪ್ಪಿಗೆಯೋ, ವಿಶ್ವಾಸವೋ?

ಪುಣೆಯಲ್ಲಿ ಅಷ್ಟೊಂದು ಪ್ರತಿಭಟನೆ ನಡೆದ ಮರುವರ್ಷವೇ ಹುಬ್ಬಳ್ಳಿಯ ಜನರು ಸಾವಿರಗಟ್ಟಲೆ ಮುಂದೆ ಬಂದುದೇಕೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದೆಂದು ನಮಗೆ ತೋರುತ್ತದೆ.

ಮೊದಲನೆಯದು, ಕಣ್ಣೆದುರಿನ ಸಾವು. ಓಣಿಯಲ್ಲಿ ದಿನವೂ ಹೆಣ ಏಳುತ್ತಿರುವಾಗ ಎರಡು ದಿನದ ಜ್ವರ, ತೋಳಿನ ಬಾವು ಇವು ಸಣ್ಣ ಬೆಲೆಯೆನಿಸುತ್ತವೆ.

ಎರಡನೆಯದು, ಕಂಡು ಕೇಳಿದ ಅನುಭವ. ಚುಚ್ಚಿಸಿಕೊಂಡ ನೆರೆಮನೆಯವನು ವಾರದ ಮೇಲೆಯೂ ಅಂಗಡಿ ತೆರೆದು ಕುಳಿತಿರುವುದನ್ನು ಕಂಡವನಿಗೆ ಸರಕಾರದ ಜಾಹೀರಾತು ಬೇಕಾಗುವುದಿಲ್ಲ.

ಮೂರನೆಯದೇ ಅತ್ಯಂತ ವಿಚಾರಾರ್ಹವಾದುದು. ಆಗಿನ ಮುಂಬಯಿ ಇಲಾಖೆಯಲ್ಲಿ ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರವನ್ನು ಕೊಟ್ಟು, ಅದನ್ನು ಉಳ್ಳವರಿಗೆ ಪ್ಲೇಗಿನ ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುವ ಪದ್ಧತಿಯಿತ್ತು. ಶಿಬಿರಕ್ಕೆ ಹೋಗುವುದೋ, ತೋಳು ಚಾಚುವುದೋ ಎಂಬ ಆಯ್ಕೆ ಬಂದಾಗ ಬಹುಮಂದಿ ಎರಡನೆಯದನ್ನು ಆರಿಸಿಕೊಂಡಿದ್ದರೆ ಅದು ಸಹಜ. ಅದನ್ನು ಬಲಾತ್ಕಾರವೆನ್ನಲಾಗದು, ಪೂರ್ಣ ಸ್ವಂತ ಇಚ್ಛೆಯೆಂದೂ ಹೇಳಲಾಗದು. ಅಂದಿನ ತೋಳುಗಳ ಸಂಖ್ಯೆಯಲ್ಲಿ ವಿಶ್ವಾಸದ ಪಾಲೆಷ್ಟು, ಭಯದ ಪಾಲೆಷ್ಟು, ಅನುಕೂಲದ ಪಾಲೆಷ್ಟು ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು.

ಹಾಗೆಯೇ, ಲಸಿಕೆಯಿಂದ ದೂರ ಉಳಿದವರೆಲ್ಲರೂ ಅವಿವೇಕಿಗಳೆಂದು ಹೇಳುವುದೂ ಸರಿಯಲ್ಲ. ಇಲಿ ಬಿದ್ದೊಡನೆ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಬಳಕೆಗೆ ಬಂದಿತ್ತು. ಇಲಿಯ ಚಿಗಟದಿಂದ ರೋಗ ಹರಡುವುದೆಂದು ಪಾಲ್ ಲೂಯಿ ಸೀಮಾಂಡನು ೧೮೯೮ರಲ್ಲಿ ಪ್ರತಿಪಾದಿಸಿದಾಗ ವಿದ್ವಾಂಸರು ಬೇಗ ಒಪ್ಪಲಿಲ್ಲ. ಅದು ಸರ್ವಮಾನ್ಯವಾಗಲು ಇನ್ನೂ ಹಲವು ವರ್ಷಗಳು ಬೇಕಾದವು. ಬಿದ್ದ ಇಲಿಯನ್ನು ಕಂಡು ಮನೆ ಬಿಟ್ಟ ರೈತನ ನಡೆಯು ಶಾಸ್ತ್ರಕ್ಕಿಂತ ಮುಂದಿತ್ತೇ ಹೊರತು ಹಿಂದಿರಲಿಲ್ಲ.

೪. ವಿಶ್ವಾಸವು ಮುರಿಯುವ ಬಗೆ

ವಿಶ್ವಾಸವು ಗಳಿಕೆಯಾಗುವುದು ನಿಧಾನ, ಕಳೆದುಹೋಗುವುದು ಶೀಘ್ರ. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಾಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಪ್ಲೇಗಿನ ಲಸಿಕೆಯನ್ನು ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ೧೯ ಜನರು ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಶಾಲೆಯದೋ, ಹಳ್ಳಿಯಲ್ಲಿ ಸೀಸೆ ತೆರೆದ ರೀತಿಯದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹಾಫ್‌ಕಿನ್ನನು ಕೆಲಸವನ್ನು ಕಳೆದುಕೊಂಡನು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವನ ಪಕ್ಷವಹಿಸಿದ ಮೇಲೆ ೧೯೦೭ರಲ್ಲಿ ಅವನು ದೋಷಮುಕ್ತನಾದನು. ಆದರೆ ಹಳ್ಳಿಯ ಜನರು ವಿಚಾರಣೆಯ ವರದಿಗೆ ಕಾಯುತ್ತ ಕುಳಿತುಕೊಳ್ಳಲಿಲ್ಲ. ಪಂಜಾಬಿನಲ್ಲಿ ಲಸಿಕೆಯ ಕಾರ್ಯ ಕುಸಿದುಬಿದ್ದಿತು. ಲಸಿಕೆಯು ಬಹುಮಟ್ಟಿಗೆ ಒಳ್ಳೆಯದೆಂಬ ಸತ್ಯ ಒಂದು ಕಡೆ, ಆ ಹತ್ತೊಂಬತ್ತು ಮನೆಗಳ ದುಃಖ ಇನ್ನೊಂದು ಕಡೆ. ಎರಡೂ ಸತ್ಯವೇ. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನು ನಂಬಿಸಲಾಗದು.

೫. ಮನಶ್ಶಾಸ್ತ್ರದ ಬೆಳಕಿನಲ್ಲಿ

ಈ ಬಗೆಯ ನಡವಳಿಕೆಯನ್ನು ಮನಶ್ಶಾಸ್ತ್ರಜ್ಞರು ಕ್ರಮವಾಗಿ ವಿಚಾರಿಸತೊಡಗಿದ್ದು ೧೯೫೦ರ ದಶಕದಲ್ಲಿ. ಅಮೇರಿಕದಲ್ಲಿ ಕ್ಷಯದ ತಪಾಸಣೆಗೆ ಎದೆಯ ಎಕ್ಸ್-ರೇಯನ್ನು ಪುಕ್ಕಟೆಯಾಗಿ ತೆಗೆಯುತ್ತಿದ್ದರೂ ಜನರು ಬಾರದಿರುವುದನ್ನು ಕಂಡು, ಹಾಖ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು ಆರೋಗ್ಯ ನಂಬಿಕೆಯ ಸಿದ್ಧಾಂತವನ್ನು ರೂಪಿಸಿದರು. ರೋಗ ತನಗೆ ತಾಗೀತೆ, ಅದು ಘೋರವೆ, ಉಪಾಯದಿಂದ ಲಾಭವಿದೆಯೆ, ಅದಕ್ಕೆ ಅಡ್ಡಿಗಳೇನು ಎಂದು ಮನುಷ್ಯನು ತೂಗಿ ನೋಡುತ್ತಾನೆಂಬುದೇ ಅದರ ತಿರುಳು. ಹುಬ್ಬಳ್ಳಿಯ ಮೊದಲಿನ ಎರಡು ಕಾರಣಗಳು ಈ ತೂಕದಲ್ಲಿ ಸುಲಭವಾಗಿ ಕೂಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವು ೨೦೧೪ರಲ್ಲಿ ಲಸಿಕೆಯ ಹಿಂಜರಿಕೆಗೆ ಮೂರು ಮೂಲಗಳನ್ನು ಹೇಳಿತು: ವಿಶ್ವಾಸದ ಕೊರತೆ, ರೋಗದ ಬಗ್ಗೆ ಅಲಕ್ಷ್ಯ, ಅನುಕೂಲದ ಕೊರತೆ. ಈ ವಿಭಜನೆಯಿಂದ ಒಂದು ಉಪಕಾರವಾಗಿದೆ. ಲಸಿಕೆ ಹಾಕಿಸಿಕೊಳ್ಳದವನಿಗೆ ಸಂದೇಹವೇ ಇರಬೇಕೆಂದಿಲ್ಲ. ದಿನಗೂಲಿಯನ್ನು ಬಿಟ್ಟು ಸರದಿಯಲ್ಲಿ ನಿಲ್ಲಲಾರದ ಬಡತನವೂ ಇರಬಹುದು. ಹಾಕಿಸಿಕೊಂಡವನಿಗೆ ವಿಶ್ವಾಸವೇ ಇರಬೇಕೆಂದೂ ಇಲ್ಲ. ನಮ್ಮ ಮೂರನೆಯ ಕಾರಣವು ಇದನ್ನೇ ತೋರಿಸುತ್ತದೆ.

೬. ಇಂದಿನ ಪ್ರಸ್ತುತತೆ

ಈ ವಿಚಾರವು ಹಳೆಯದಾಗಿ ಹೋಗಿಲ್ಲ. ೨೦೧೭ರಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕದ ಶಾಲೆಗಳಲ್ಲಿ ನಡೆದಾಗ ಮೊಬೈಲಿನ ಮೂಲಕ ಗಾಳಿಸುದ್ದಿಗಳು ಹಬ್ಬಿ ಪಾಲಕರನ್ನು ಅಂಜಿಸಿದವು. ಕೋವಿಡ್ ಕಾಲದಲ್ಲಿ, ೨೦೨೧ರ ಡಿಸೆಂಬರಿನಲ್ಲಿ, ಚಿತ್ರಮಂದಿರ ಮತ್ತು ಮಾಲ್‌ಗಳ ಪ್ರವೇಶಕ್ಕೆ ಎರಡು ಡೋಸುಗಳ ಪ್ರಮಾಣಪತ್ರ ಬೇಕೆಂದು ರಾಜ್ಯ ಸರಕಾರವು ಆದೇಶಿಸಿತು. ೧೮೯೮ರ ಪ್ರಮಾಣಪತ್ರವನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದು ಅಪರಿಚಿತವಾಗಿ ತೋರದು. ೨೦೨೨ರ ಮೇ ೨ರಂದು ಸರ್ವೋಚ್ಚ ನ್ಯಾಯಾಲಯವು ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಹೇಳಿತು. ಲಸಿಕೆಯಿಂದಾದ ದುಷ್ಪರಿಣಾಮಗಳ ವಿವರಗಳನ್ನು ಜನರ ಮುಂದಿಡಬೇಕೆಂದೂ ವಿಧಿಸಿತು. ಈ ಎರಡನೆಯ ಮಾತು ಮಾಲ್ಕೋವಾಲಿನ ಪಾಠವೇ ಆಗಿದೆ.

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ವಿದ್ಯಾರ್ಥಿಗಳು ಇಂಥ ವಿಷಯದ ಮೇಲೆ ಓಣಿ ಓಣಿಗಳಲ್ಲಿ ವಿಚಾರಿಸಲು ಹೊರಟಾಗ ನಮ್ಮದೊಂದು ಸೂಚನೆಯುಂಟು. "ಲಸಿಕೆ ಹಾಕಿಸಿಕೊಂಡಿರಾ?" ಎಂಬ ಪ್ರಶ್ನೆಗೆ ನಿಲ್ಲಬಾರದು. ಯಾರು ಹೇಳಿದರೆಂದು ಹಾಕಿಸಿಕೊಂಡಿರಿ, ಹಾಕಿಸಿಕೊಳ್ಳದಿದ್ದರೆ ಏನು ತಪ್ಪಿಹೋಗುತ್ತಿತ್ತು, ಆ ಮೇಲೆ ಜ್ವರ ಬಂದಾಗ ಯಾರಾದರೂ ಬಂದು ವಿಚಾರಿಸಿದರೆ ಎಂದೂ ಕೇಳಬೇಕು. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ದೊರೆಯುವ ಉತ್ತರ ರೈಲ್ವೆ ವಸತಿಯಲ್ಲಿ ದೊರೆಯಲಾರದು. ಆ ಭೇದವನ್ನು ಅಳಿಸದೆ ಬರೆದಿಡಬೇಕು. ಲ್ಯೂಮನ್‌ನ ಪಟ್ಟಿಗಳಲ್ಲಿ ಹುಬ್ಬಳ್ಳಿಯ ಸಾವಿರಾರು ತೋಳುಗಳ ಲೆಕ್ಕವಿದೆ, ಅವುಗಳನ್ನು ಚಾಚಿದವರ ಮಾತಿಲ್ಲ. ಅಂದು ಉಳಿದುಹೋದ ಆ ಕೊರತೆಯನ್ನು ಇಂದಿನ ಸಂಶೋಧಕರು ಮತ್ತೆ ಉಳಿಸಬಾರದೆಂಬುದೇ ನಮ್ಮ ವಿನಂತಿ.