ಒಂದು ಹೊಳವಿನ ದಿನಕ್ಕಾಗಿ

ಮದುವೆಯ ಮನೆಯಲ್ಲಿ ಊಟ ಮುಗಿಸಿ ಎದ್ದವರ ಮುಂದೆ ಎಲೆಯಡಕೆಯ ತಟ್ಟೆಯನ್ನಿಡುವುದು ನಮ್ಮಲ್ಲಿ ತಪ್ಪದ ವಾಡಿಕೆ. ತಟ್ಟೆಯಿಂದ ಎರಡು ಹೋಳನ್ನೆತ್ತಿ ಬಾಯಿಗೆ ಹಾಕಿಕೊಳ್ಳುವ ಪಟ್ಟಣಿಗರಿಗೆ ಅಡಕೆಯ ಧಾರಣೆ ಅಷ್ಟಿಷ್ಟು ತಿಳಿದಿರಬಹುದು. ಅದು ಕಾಯಿಯಾಗಿ ಮರದ ಮೇಲಿದ್ದಾಗ ಎಂತಹ ಮಳೆಗಾಲವನ್ನು ದಾಟಿ ಬಂದಿತೆಂಬುದು ತಿಳಿದಿರುವುದು ಅಪರೂಪ. (ಅಡಕೆ ಜಗಿಯುವುದು ಕೇಡೆಂದು ವೈದ್ಯರು ಹೇಳುವರು. ಅದು ಬೇರೆಯ ಪ್ರಸ್ತಾಪ.)

2018ರ ಆಗಸ್ಟ್ ತಿಂಗಳಿನಲ್ಲಿ ಸಾಗರದ ಕಡೆಯ ನನ್ನ ಸೋದರಮಾವನ ಮನೆಗೆ ಹೋಗಿದ್ದೆನು. ಮಾವ ಜಗಲಿಯ ತುದಿಯಲ್ಲಿ ನಿಂತು ಆಕಾಶವನ್ನೇ ನೋಡುತ್ತಿದ್ದರು. ಕೊಟ್ಟಿಗೆಯಲ್ಲಿ ಮೈಲುತುತ್ತವೂ ಸುಣ್ಣವೂ ಸಿದ್ಧವಾಗಿದ್ದುವು. ಮರವೇರುವ ಕೊನೆಗೌಡನು ಮೂರು ದಿನದಿಂದ ಬಂದು ಬಂದು ಹಿಂದಿರುಗುತ್ತಿದ್ದನು.

"ಇಷ್ಟು ಮಳೆಯಾದರೆ ಬೆಳೆಗೆ ಒಳ್ಳೆಯದಲ್ಲವೆ, ಮಾವ?" ಎಂದೆನು.

"ಮಳೆ ಬೇಡ ಅಂದವರು ಯಾರೋ ಮಾರಾಯ? ಮಳೆಯೂ ಬೇಕು, ನಡುವೆ ನಾಲ್ಕು ಗಂಟೆ ಹೊಳವೂ ಬೇಕು" ಎಂದರು.

ಹೊಳವು ಎಂದರೆ ಮಳೆ ನಿಂತು ಬಾನು ತಿಳಿಯಾಗುವ ಬಿಡುವು. ಮಲೆನಾಡಿನ ರೈತನ ಇಡೀ ವರ್ಷದ ಗತಿ ಈ ಪುಟ್ಟ ಶಬ್ದದಲ್ಲಿ ಅಡಗಿದೆಯೆಂದು ನನಗೆ ಅರಿವಾದುದು ಆಗ.

ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ಸಹ್ಯಾದ್ರಿಗೆ ಬಡಿದು ಮೇಲೇರಿ, ತಣ್ಣಗಾಗಿ, ಹೊತ್ತು ತಂದ ನೀರನ್ನೆಲ್ಲ ಅಲ್ಲಿಯೇ ಸುರಿದುಬಿಡುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ. ಪೂರ್ವಕ್ಕೆ ಇಳಿದು ಶಿವಮೊಗ್ಗ ಪಟ್ಟಣಕ್ಕೆ ಬಂದರೆ ಅದು ಸಾವಿರಕ್ಕೂ ಕಡಿಮೆ. ಚಿತ್ರದುರ್ಗದಲ್ಲಿ ಸುಮಾರು 600. ಒಂದು ದಿನದ ಬಸ್ ಪ್ರಯಾಣದಲ್ಲಿ ಮೂರು ದೇಶಗಳನ್ನು ಕಂಡಂತೆ! ಆದರೆ ಅಡಕೆಯ ತೋಟಕ್ಕೆ ಮಳೆಯ ಮೊತ್ತಕ್ಕಿಂತ ಮಳೆಯ ಸರದಿ ಮುಖ್ಯ.

ಕಾರಣ ಕೊಳೆರೋಗ. ಇದನ್ನುಂಟುಮಾಡುವ ಸೂಕ್ಷ್ಮಜೀವಿಯು ಶಿಲೀಂಧ್ರವನ್ನು ಹೋಲುವಂತಹುದು. ಅದರ ಕಣಗಳು ಕಾಯಿಯ ಮೇಲಣ ನೀರಿನ ತೆಳುಪೊರೆಯಲ್ಲಿ ಈಜಾಡಬಲ್ಲುವು! ಉಷ್ಣತೆ 20ರಿಂದ 23 ಡಿಗ್ರಿಗಿಳಿದು, ಗಾಳಿಯಲ್ಲಿ ತೇವ ತುಂಬಿ, ಮಳೆಯೂ ಎಳೆಬಿಸಿಲೂ ಒಂದರ ಹಿಂದೊಂದು ಬರತೊಡಗಿದರೆ ಅದಕ್ಕೆ ಹಬ್ಬ. ಕಾಯಿಯ ತೊಟ್ಟಿನ ಬಳಿ ಕಡುಹಸುರಿನ ಒದ್ದೆ ಮಚ್ಚೆ ಕಾಣಿಸುವುದು, ಹೊಳಪು ಮಾಸುವುದು, ಬಳಿಕ ಕಾಯಿಗಳು ಉದುರತೊಡಗುವುವು. ಬಿದ್ದ ಕಾಯಿಯ ಮೇಲೆ ಹತ್ತಿಯಂತಹ ಬಿಳಿಯ ಬೂಷ್ಟು. ಮಳೆಹನಿಯೂ ಗಾಳಿಯೂ ಅದನ್ನು ಪಕ್ಕದ ಗೊನೆಗೆ ಒಯ್ಯುವುವು. ಕೊಳೆಯು ಸುಳಿಗೆ ಇಳಿಯಿತೆಂದರೆ ಮರವೇ ಸಾಯುವುದು. ಅದರ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು.

ಹಿಂದಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಅಡಕೆಯ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಮಾಡಿದ ಹೊದಿಕೆಯನ್ನು ಪ್ರತಿಯೊಂದು ಗೊನೆಗೂ ಕೊಡೆಯಂತೆ ತೊಡಿಸುತ್ತಿದ್ದರು. ಮಳೆಗೆ ಮೊದಲೇ ಸಾವಿರಾರು ಗೊನೆಗಳಿಗೆ ಕೊಡೆ! ಆ ತಾಳ್ಮೆಯನ್ನು ನೆನೆದರೆ ಬೆರಗಾಗುವುದು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ವ್ಯಾಸಂಗಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ಬೇಲಿಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ತಗಲದುದನ್ನು ಕಂಡವರು ಮಿಲಾರ್ಡೆ; 1885ರಲ್ಲಿ ಅವರು ಪ್ರಕಟಿಸಿದ ಮದ್ದೇ ಇದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆಗೆ ತೊಳೆದುಹೋಗದಿರಲೆಂದು ರಾಳವನ್ನು ಸೇರಿಸುವವರೂ ಉಂಟು.

ಮದ್ದು ಸಿಕ್ಕಿತು, ಹೊಳವು ಸಿಕ್ಕಬೇಡವೆ? ಮೊದಲನೆಯ ಸಿಂಪಡಣೆ ಮುಂಗಾರು ಇಳಿಯುವುದಕ್ಕೆ ಮೊದಲೇ ಆಗಬೇಕು. ಎರಡನೆಯದು ನಲವತ್ತರಿಂದ ನಲವತ್ತೈದು ದಿನಗಳ ಮೇಲೆ. ಎಂದರೆ ಸರಿಯಾಗಿ ಪುನರ್ವಸು, ಪುಷ್ಯ ಮಳೆಗಳ ಆರ್ಭಟದ ನಡುವೆ! ಮದ್ದು ಕಾಯಿಗೆ ಹಿಡಿದು ಒಣಗಲು ಕೆಲವು ಗಂಟೆಗಳ ಬಿಡುವು ಬೇಕು. ಮರ ಒದ್ದೆಯಾಗಿದ್ದರೆ ಹತ್ತುವವನ ಪ್ರಾಣಕ್ಕೆ ಅಪಾಯ. ಹತ್ತಬಲ್ಲವರೋ ಊರಿಗೆ ಒಬ್ಬಿಬ್ಬರು. ಹೊಳವಾದ ದಿನ ಎಲ್ಲ ತೋಟದವರಿಗೂ ಅವರೇ ಬೇಕು. ಈಚೆಗೆ ನೆಲದಲ್ಲಿಯೇ ನಿಂತು ಸಿಂಪಡಿಸುವ ಉದ್ದನೆಯ ದೋಟಿಗಳು ಬಂದಿರುವುದೊಂದು ಸಮಾಧಾನ. 2013ರಲ್ಲಿ ಮಳೆ ಬಿಡುವು ಕೊಡದೆ ಹೋದಾಗ ಅನೇಕ ತೋಟಗಳಲ್ಲಿ ಕೊಳೆ ವಿಪರೀತವಾಯಿತು, 2018ರಲ್ಲಿಯೂ ಹಾಗೆಯೇ.

ತೋಟದ ಮಾತನ್ನಾಡುವಾಗ ಬೆಟ್ಟವನ್ನು ಮರೆಯುವಂತಿಲ್ಲ. ಸೊಪ್ಪಿನ ಬೆಟ್ಟವೆಂಬ ಕಾಡು ತೋಟದ ಹೊಟ್ಟೆಪಾಡನ್ನು ನೋಡಿಕೊಳ್ಳುವುದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ಅಲ್ಲಿಯ ಹಸಿಸೊಪ್ಪೂ ಬೇಸಗೆಯ ದರಕೂ ಮರದ ಬುಡಕ್ಕೆ ಬಿದ್ದು, ಮಳೆಯ ಹೊಡೆತದಿಂದ ಮಣ್ಣನ್ನು ಕಾಯುವುವು, ಬಿಸಿಲಿನಲ್ಲಿ ತೇವವನ್ನು ಹಿಡಿದಿಡುವುವು. ಮಿತಿಮೀರಿ ಸೊಪ್ಪು ಕಡಿದು ಬೆಟ್ಟ ಬೋಳಾದಲ್ಲಿ ಜೂನ್ ತಿಂಗಳ ನೀರು ಕೆಂಪಾಗಿ ಹರಿದುಹೋಗುವುದು. ಮಾರ್ಚಿಯಲ್ಲಿ ತೋಟಕ್ಕೆ ನೀರಿಗೆ ತತ್ವಾರ. ಈ ತಪ್ಪನ್ನು ಮಳೆಯ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನೆಣಿಕೆ.

ಬಯಲುಸೀಮೆಯ ಚನ್ನಗಿರಿಯಂತಹ ಕಡೆಗಳಲ್ಲಿಯೂ ಅಡಕೆ ಹಬ್ಬಿದೆ. ಅಲ್ಲಿ ಕೊಳೆಯ ಭಯ ಕಡಿಮೆ, ಒಣಗುವ ಭಯ ಹೆಚ್ಚು. 2023ರ ಮಳೆ ಕೈಕೊಟ್ಟ ಮೇಲೆ, 2024ರ ಬೇಸಗೆಯಲ್ಲಿ ಅಲ್ಲಿನವರು ಟ್ಯಾಂಕರಿನಲ್ಲಿ ನೀರನ್ನು ಕೊಂಡು ತಂದು ಮರಗಳನ್ನು ಉಳಿಸಿಕೊಳ್ಳಬೇಕಾಯಿತು.

ಮಾವನ ಮನೆಯಲ್ಲಿ ನಾಲ್ಕನೆಯ ದಿನ ಬೆಳಗ್ಗೆ ಎಂಟು ಗಂಟೆಗೆ ಬಿಸಿಲು ಬಂದಿತು. ಕಾಫಿಯನ್ನೂ ಕುಡಿಯದೆ ಎಲ್ಲರೂ ತೋಟಕ್ಕಿಳಿದರು. ಕೊನೆಗೌಡನು ಮರದಿಂದ ಮರಕ್ಕೆ ದಾಟುತ್ತ ಹೋದನು. ಅತ್ತೆ ಕೆಳಗೆ ನಿಂತು ಪಂಪು ಒತ್ತಿದರು. ನೀಲಿಯ ಹನಿಗಳು ನಮ್ಮೆಲ್ಲರ ತಲೆಯ ಮೇಲೂ ಬಿದ್ದುವು. ಮಧ್ಯಾಹ್ನ ಎರಡರ ವೇಳೆಗೆ ಪಶ್ಚಿಮದಲ್ಲಿ ಮತ್ತೆ ಕಪ್ಪಾಯಿತು. ತೋಟದ ಮುಕ್ಕಾಲು ಪಾಲು ಮುಗಿದಿತ್ತು. ಉಳಿದ ಕಾಲು ಭಾಗದಲ್ಲಿ ಉದುರಿದ ಕಾಯಿಗಳನ್ನು ಅತ್ತೆ ಮರುದಿನ ಮಳೆಯಲ್ಲಿಯೇ ಕಂಬಳಿಕೊಪ್ಪೆ ಹೊದ್ದು ಬುಟ್ಟಿಗೆ ಆಯ್ದು ತಂದರು. ಒಟ್ಟು ಏಳು ಬುಟ್ಟಿಯಾಯಿತು.