ಮಗುವನ್ನು ಬಿಡುವ ಮುನ್ನ ಕಾಗದ ನೋಡಿದಿರಾ?

ಹಾಲಿನ ಪ್ಯಾಕೆಟ್ ತಗೊಳ್ಳುವಾಗ ತಾರೀಖು ನೋಡುತ್ತೀರಿ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಇದೆಯಾ ಅಂತ ಕೇಳುತ್ತೀರಿ. ಗ್ಯಾಸ್ ಸಿಲಿಂಡರ್ ಬಂದರೆ ಸೀಲ್ ನೋಡದೆ ಒಳಗೆ ಬಿಡುವುದಿಲ್ಲ. ಆದರೆ ಎರಡು ವರ್ಷದ ಕಂದನನ್ನು ದಿನಕ್ಕೆ ಏಳೆಂಟು ಗಂಟೆ ಬಿಟ್ಟು ಬರುವ ಡೇ ಕೇರ್‌ನಲ್ಲಿ ಮಾತ್ರ ಬಾಯಿಯೇ ಬರುವುದಿಲ್ಲ! ಗೋಡೆಯ ಮೇಲೆ ಛೋಟಾ ಭೀಮ್ ಚಿತ್ರ, ಬಣ್ಣದ ಪುಟ್ಟ ಕುರ್ಚಿಗಳು, ನಗುಮುಖದ ಆಂಟಿ, ಜೊತೆಗೆ 'ಪಕ್ಕದ ಮನೆಯವರ ಮಗುವೂ ಇಲ್ಲೇ ಬರುತ್ತೆ' ಎನ್ನುವ ಒಂದು ಮಾತು. ಅಷ್ಟಕ್ಕೇ ನಮ್ಮ ವಿಚಾರಣೆ ಮುಗಿಯಿತು.

ಡೇ ಕೇರ್ ಎಂದರೆ ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಮಾತ್ರ ಎನ್ನುವ ಕಾಲ ಹೋಯಿತು. ಎರಡನೇ ಬಾಣಂತನ, ಅತ್ತೆಯವರ ಆಪರೇಷನ್, ನಿಮ್ಮದೇ ಒಂದು ಕಂಪ್ಯೂಟರ್ ಕೋರ್ಸ್, ಹೀಗೆ ಮನೆಯಲ್ಲಿರುವ ಗೃಹಿಣಿಗೂ ಅದರ ಅಗತ್ಯ ಬರುತ್ತದೆ. ಅಜ್ಜಿ ತಾತ ಊರಲ್ಲಿ, ನಾವು ಇಲ್ಲಿ. ಬಿಡುವುದು ತಪ್ಪಲ್ಲ. ವಿಚಾರಿಸದೆ ಬಿಡುವುದು ಸರಿಯಲ್ಲ, ಅಷ್ಟೆ.

ಕಾಗದದಿಂದ ಏನಾಗುತ್ತೆ?

'ಲೈಸೆನ್ಸ್ ಇದ್ದ ಮಾತ್ರಕ್ಕೆ ಮಗುವನ್ನು ಚೆನ್ನಾಗಿ ನೋಡ್ಕೋತಾರಾ?' ಎಂದು ನೀವು ಕೇಳಬಹುದು. ನಿಜ, ಕಾಗದ ಪ್ರೀತಿ ಮಾಡುವುದಿಲ್ಲ. ಆದರೆ ಕಾಗದ ಇದೆ ಎಂದರೆ ಹೊರಗಿನವರೊಬ್ಬರು ಯಾವತ್ತೋ ಒಂದು ದಿನ ಒಳಗೆ ಬಂದು ನೋಡಿರುವ ಸಾಧ್ಯತೆ ಇದೆ. ಅದು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆಗಳು ನಮ್ಮ ಸುತ್ತಲೇ ಇವೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. 2016ರ ನವೆಂಬರ್‌ನಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿ ಹತ್ತು ತಿಂಗಳ ಮಗುವನ್ನು ಆಯಾ ಹೊಡೆದದ್ದು ಬಯಲಾಗಿದ್ದು ಸಿಸಿಟಿವಿಯಿಂದ. 2023ರ ಜೂನ್‌ನಲ್ಲಿ ಬೆಂಗಳೂರಿನ ಒಂದು ಪ್ರಿಸ್ಕೂಲ್‌ನ ವಿಡಿಯೊ ಮನೆಮನೆಯ ಟಿವಿಯಲ್ಲಿ ಬಂತು. ಒಂದು ಮಗು ಇನ್ನೊಂದು ಪುಟ್ಟ ಮಗುವನ್ನು ಹೊಡೆಯುತ್ತಲೇ ಇತ್ತು, ಬಿಡಿಸಲು ಕೋಣೆಯಲ್ಲಿ ದೊಡ್ಡವರೇ ಇರಲಿಲ್ಲ. ಚಾವಣಿ ಎಂಥದ್ದು, ಆಯಾ ಯಾರು, ಕೋಣೆಯಲ್ಲಿ ಎಷ್ಟು ಜನ ದೊಡ್ಡವರು? ಈ ಮೂರೂ ಯಾರಾದರೂ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಗಳೇ.

ಯಾವ ಲೈಸೆನ್ಸ್?

ಇಲ್ಲೇ ಸ್ವಲ್ಪ ಗೊಂದಲ ಇರುವುದು. ಖಾಸಗಿ ಡೇ ಕೇರ್‌ಗಳಿಗೆಂದೇ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಒಂದು ಲೈಸೆನ್ಸ್ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ 'ನಮ್ಮದು ಗವರ್ನಮೆಂಟ್ ರೆಕಗ್ನೈಸ್ಡ್' ಎಂದು ಬೋರ್ಡ್ ಹಾಕಿದವರನ್ನು 'ಯಾವ ಇಲಾಖೆ? ಯಾವ ನಂಬರ್?' ಎಂದು ಕೇಳಲೇಬೇಕು. ನೋಡಬೇಕಾದ ಕಾಗದಗಳು ಇವು:

* ಪಾಲಿಕೆಯ ಪರವಾನಗಿ ಅಥವಾ ಸಂಸ್ಥೆಯ ನೋಂದಣಿ ಪತ್ರ. ನಾಲ್ಕು ಸಂಗತಿ ಗಮನಿಸಿ: ಹೆಸರು, ವಿಳಾಸ, ಉದ್ದೇಶ, ಅವಧಿ ಮುಗಿಯುವ ದಿನ. ಬ್ರಾಂಚ್ ಆದರೆ ಹೆಡ್ ಆಫೀಸ್‌ನ ಕಾಗದ ತೋರಿಸಿ ಸುಮ್ಮನಾಗಿಸುತ್ತಾರೆ. ನಿಮ್ಮ ಮಗು ಇರುವುದು ಹೆಡ್ ಆಫೀಸಿನಲ್ಲಲ್ಲ!

* ಊಟ ಅಲ್ಲೇ ಮಾಡಿ ಬಡಿಸುತ್ತಾರಾದರೆ ಎಫ್‌ಎಸ್‌ಎಸ್‌ಎಐ ನಂಬರ್. ಅದರಲ್ಲಿ 14 ಅಂಕಿಗಳಿರುತ್ತವೆ. ಬರೆದುಕೊಂಡು ಬಂದು ಇಂಟರ್‌ನೆಟ್‌ನಲ್ಲಿ ಸರಿಯಿದೆಯಾ ನೋಡಬಹುದು.

* ಆಯಾ, ವಾಚ್‌ಮನ್, ವ್ಯಾನ್ ಡ್ರೈವರ್ ಎಲ್ಲರ ಪೊಲೀಸ್ ವೆರಿಫಿಕೇಷನ್. ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕ ಇದಕ್ಕೆ ಅರ್ಜಿ ಹಾಕಬಹುದು. 'ನಮ್ಮೂರಿನ ಹುಡುಗಿ, ಗೊತ್ತಿರೋಳು' ಎನ್ನುವುದು ವೆರಿಫಿಕೇಷನ್ ಅಲ್ಲ.

* ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಅದು ಗೋಡೆಯ ಅಲಂಕಾರವಲ್ಲ. ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ರೀಫಿಲ್ ತಾರೀಖು ಇರುತ್ತದೆ. ಮುಳ್ಳು ಹಸಿರು ಭಾಗದಲ್ಲಿರಬೇಕು. ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದಾರಾ, ಅದನ್ನೂ ನೋಡಿ.

ಅಳತೆ ಏನು?

ಎಷ್ಟು ಮಕ್ಕಳಿಗೆ ಎಷ್ಟು ಜನ ಇರಬೇಕು ಎಂದು ನಾವು ಹೇಗೆ ಹೇಳೋದು ಅಂತೀರಾ? ಅದಕ್ಕೂ ಲೆಕ್ಕ ಇದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದಾಯಿತು. 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇಂಥ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಕೊಟ್ಟಿತು. ಅದರ ಪ್ರಕಾರ:

* ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ತರಬೇತಾದ ಕಾರ್ಯಕರ್ತೆ. ಮೂರು ದಾಟಿದ 20 ಮಕ್ಕಳಿಗೆ ಒಬ್ಬರು. ಜೊತೆಗೆ ಸಹಾಯಕಿ.

* ಒಂದು ಮಗುವಿಗೆ 10ರಿಂದ 12 ಚದರ ಅಡಿ ಜಾಗ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಎಂದರೆ 120 ಚದರ ಅಡಿ. ಅಲ್ಲಿ ಹತ್ತು, ಹೆಚ್ಚೆಂದರೆ ಹನ್ನೆರಡು ಮಕ್ಕಳು. ಇಪ್ಪತ್ತೈದು ಮಕ್ಕಳ ಚಪ್ಪಲಿ ಬಾಗಿಲಲ್ಲಿ ಕಂಡರೆ ನೀವೇ ಲೆಕ್ಕ ಹಾಕಿ.

* ಮಕ್ಕಳಿರುವ ಹೊತ್ತಿನಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್, ಡ್ರೈವರ್ ಮುಂತಾದ ಹೊರಗಿನವರು ಒಳಗೆ ಬರುವಂತಿಲ್ಲ.

* ತಂದೆತಾಯಿಯರೂ ಇರುವ ಮೇಲ್ವಿಚಾರಣಾ ಸಮಿತಿ ಇರಬೇಕು.

ಇದನ್ನು ಮಾಡಿದ್ದು ಕೆಲಸದ ಸ್ಥಳದ ಕೇಂದ್ರಗಳಿಗಾಗಿ. ನಿಮ್ಮ ಬೀದಿಯ ಡೇ ಕೇರ್ ಮೇಲೆ ಹೇರಲು ಬರುವುದಿಲ್ಲ. ಆದರೆ ಅಳತೆಗೋಲಾಗಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲವಲ್ಲ!

ಪ್ಲೇ ಸ್ಕೂಲ್ ಬೇರೆ, ಡೇ ಕೇರ್ ಬೇರೆ ಎನ್ನುವುದೂ ತಿಳಿದಿರಲಿ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಂತೆ ಖಾಸಗಿ ಪ್ಲೇ ಸ್ಕೂಲ್ ಇರುವುದು ಮೂರರಿಂದ ಆರು ವರ್ಷದವರಿಗೆ, ಅದೂ ದಿನಕ್ಕೆ ಮೂರು ನಾಲ್ಕು ಗಂಟೆ. 20 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ. ಬೆಳಗ್ಗೆ ಪ್ಲೇ ಸ್ಕೂಲ್, ಮಧ್ಯಾಹ್ನ ಅಲ್ಲೇ ಡೇ ಕೇರ್ ನಡೆಯುವ ಕಡೆ, ಮಧ್ಯಾಹ್ನ ಟೀಚರ್ ಮನೆಗೆ ಹೋದ ಮೇಲೆ ಯಾರಿರುತ್ತಾರೆ ಎಂದು ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ ಅದೇ ಉತ್ತರ.

ತಪಾಸಣೆಯ ಪುಸ್ತಕ ಎಲ್ಲಿ?

ಕಾಗದ ಒಂದು ದಿನದ್ದು, ಪುಸ್ತಕ ಪ್ರತಿದಿನದ್ದು. ಮೂರು ಪುಸ್ತಕ ಕೇಳಿ ನೋಡಿ.

ಮೊದಲನೆಯದು ಹಾಜರಿ ಪುಸ್ತಕ. ಮಗು ಬಂದ ಹೊತ್ತು, ಹೋದ ಹೊತ್ತು, ಕರೆದುಕೊಂಡು ಹೋದವರ ಸಹಿ ಇರಬೇಕು. ಎರಡನೆಯದು ಪೆಟ್ಟು, ಕಾಯಿಲೆ, ಔಷಧಿ ಬರೆದಿಡುವ ಪುಸ್ತಕ. 'ನಮ್ಮಲ್ಲಿ ಯಾವ ಮಗುವೂ ಬಿದ್ದೇ ಇಲ್ಲ ಮೇಡಂ' ಎಂದರೆ ನಂಬಬೇಡಿ. ಬೀಳದ ಮಕ್ಕಳಿಲ್ಲ, ಬರೆಯದ ಡೇ ಕೇರ್‌ಗಳಿವೆ. ಮೂರನೆಯದು ವಿಸಿಟರ್ಸ್ ಪುಸ್ತಕ. ಅಧಿಕಾರಿಗಳು ಯಾರಾದರೂ ಬಂದಿದ್ದರೆ ಅವರ ಷರಾ ಅಲ್ಲಿರುತ್ತದೆ. ಹಳೆಯ ಷರಾದಲ್ಲಿ 'ಕಿಟಕಿಗೆ ಗ್ರಿಲ್ ಹಾಕಿಸಿ' ಎಂದಿದ್ದರೆ, ಇವತ್ತು ಗ್ರಿಲ್ ಇದೆಯಾ ಎಂದು ತಲೆಯೆತ್ತಿ ನೋಡಿ.

ಸರ್ಕಾರಿ ಕಚೇರಿ ತಪಾಸಣೆ ಮಾಡಿದೆ ಎಂದು ಗೊತ್ತಾದರೆ ವರದಿಯ ಪ್ರತಿ ಕೇಳಲು ಮಾಹಿತಿ ಹಕ್ಕು ಕಾಯ್ದೆ, 2005 ಇದೆಯಲ್ಲ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. 'ಇಂಥ ವಿಳಾಸದ ಕೇಂದ್ರಕ್ಕೆ ನೀಡಿದ ಪರವಾನಗಿ ಮತ್ತು ತಪಾಸಣಾ ವರದಿಗಳ ಪ್ರತಿ ಕೊಡಿ' ಎಂದರೆ ಸಾಕು. ಪುರಾಣ ಬರೆಯಬೇಡಿ.

ಕೇಳೋದು ಹೇಗೆ?

ಅಡ್ಡ ಬರುವುದು ನಮ್ಮ ದಾಕ್ಷಿಣ್ಯ. 'ಅಷ್ಟು ಒಳ್ಳೆಯ ಆಂಟಿ, ಕಾಗದ ಕೇಳಿದರೆ ಏನಂದುಕೊಂಡಾರು? ಸಿಟ್ಟು ಮಗುವಿನ ಮೇಲೆ ತೀರಿಸಿಕೊಂಡರೆ?' ಈ ಭಯ ಎಲ್ಲ ಅಮ್ಮಂದಿರಿಗೂ ಇರುತ್ತದೆ. ಅದಕ್ಕೇ ಮಗುವನ್ನು ಸೇರಿಸುವ ಮೊದಲೇ ಕೇಳಿ. ಅಡ್ವಾನ್ಸ್ ಕೊಟ್ಟ ಮೇಲೆ ನಾಲಿಗೆ ಏಳುವುದಿಲ್ಲ. 'ಆಂಟಿ, ನಮ್ಮ ಯಜಮಾನರು ಎಲ್ಲಾದಕ್ಕೂ ಫೈಲ್ ಮಾಡಿಡ್ತಾರೆ, ಒಂದು ಜೆರಾಕ್ಸ್ ಕೊಡ್ತೀರಾ?' ಎಂದು ನಗುತ್ತಲೇ ಕೇಳಬಹುದು. ಅಚ್ಚುಕಟ್ಟಾಗಿ ನಡೆಸುವವರು ಬೇಸರ ಮಾಡಿಕೊಳ್ಳುವುದಿಲ್ಲ, ಹೆಮ್ಮೆಯಿಂದ ತೋರಿಸುತ್ತಾರೆ.

ಇನ್ನೊಂದು ಉಪಾಯ. ಒಬ್ಬರೇ ಕೇಳಿದರೆ ತಕರಾರು, ಆರು ಅಮ್ಮಂದಿರು ಕೇಳಿದರೆ ಪದ್ಧತಿ. ಬಾಗಿಲಲ್ಲಿ ದಿನಾ ಸಿಗುವ ಅಮ್ಮಂದಿರ ಜೊತೆ ಮಾತಾಡಿ, ಎರಡು ತಿಂಗಳಿಗೊಮ್ಮೆ ಸಭೆ ಕರೆಯುವಂತೆ ಕೇಳಿ. ಆಗಾಗ ಹೇಳದೆ ಕೇಳದೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ. 'ಆ ಹೊತ್ತಲ್ಲಿ ಪೇರೆಂಟ್ಸ್ ಬರೋಹಾಗಿಲ್ಲ' ಎನ್ನುವ ಜಾಗ ನಿಮ್ಮ ಮಗುವಿಗೆ ಬೇಡ.

ಮಗಳು ಅಮೆರಿಕದಲ್ಲಿದ್ದರೆ...

ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಹೋಗಿ, ವಾಪಸು ಬರುವಾಗ 'ಇನ್ನು ಮಗು ಡೇ ಕೇರ್‌ಗೆ' ಎಂದು ಕಣ್ಣೊರೆಸಿಕೊಳ್ಳುವ ಅಜ್ಜಿಯರೇ, ನಿಮಗೊಂದು ಸಮಾಧಾನ. ಅಲ್ಲಿ 2014ರ ಕೇಂದ್ರ ಕಾನೂನಿನ ಪ್ರಕಾರ ರಾಜ್ಯಗಳು ಡೇ ಕೇರ್‌ಗಳ ತಪಾಸಣಾ ವರದಿಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಬೇಕು. ಸರ್ಕಾರದ ನೆರವು ಪಡೆಯುವ ಲೈಸೆನ್ಸ್ ಇರುವ ಕೇಂದ್ರಗಳಿಗೆ ವರ್ಷಕ್ಕೆ ಒಮ್ಮೆಯಾದರೂ ಹೇಳದೆ ಹೋಗಿ ತಪಾಸಣೆ ಮಾಡಬೇಕು. ಇಂಗ್ಲೆಂಡ್‌ನಲ್ಲಿ ಆಫ್‌ಸ್ಟೆಡ್ ಎಂಬ ಸಂಸ್ಥೆಯ ವರದಿಗಳನ್ನು ಯಾರು ಬೇಕಾದರೂ ಓದಬಹುದು.

ಮಗಳ ಜೊತೆ ಕೂತು ಓದಿ. ಒಂದು ಸಲದ ಸಣ್ಣ ತಪ್ಪಿಗೆ ಗಾಬರಿ ಬೇಡ. ಫೈಲ್‌ನಲ್ಲಿ ಒಂದು ಫಾರಂ ಇರಲಿಲ್ಲ ಎನ್ನುವುದು ಬೇರೆ, ಮಗುವನ್ನು ಒಂಟಿಯಾಗಿ ಬಿಟ್ಟಿದ್ದರು ಎನ್ನುವುದು ಬೇರೆ. ಅದೇ ತಪ್ಪು ಮೂರು ವರ್ಷವೂ ಬಂದಿದೆಯಾ? ತಿದ್ದಿಕೊಂಡ ತಾರೀಖು ಇದೆಯಾ? ದಾಖಲೆ ಪೂರ್ತಿ ಖಾಲಿಯಾಗಿದ್ದರೆ, ಇತ್ತೀಚೆಗೆ ಹೆಸರು ಅಥವಾ ಮಾಲೀಕರು ಬದಲಾಗಿದ್ದಾರಾ ಎಂದೂ ನೋಡಿ.

ನೀವೇ ಬೇಬಿ ಸಿಟ್ಟಿಂಗ್ ಮಾಡುತ್ತಿದ್ದರೆ?

ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ಗೃಹಿಣಿಯರು ಎಷ್ಟೋ ಜನ. ನಿಮಗೂ ಕಾಗದವೇ ರಕ್ಷಣೆ ಕಣ್ರೀ. ಮಗು ಬೆಳಗ್ಗೆ ಬರುವಾಗಲೇ ಮೊಣಕಾಲು ತರಚಿದ್ದರೆ ಅಮ್ಮನ ಎದುರೇ ಬರೆದು ಸಹಿ ಹಾಕಿಸಿ. ಔಷಧಿ ಕೊಡಬೇಕಾದರೆ ಚೀಟಿಯಲ್ಲಿ ಬರೆದುಕೊಡಲು ಹೇಳಿ. ಯಾರು ಕರೆದುಕೊಂಡು ಹೋಗಬಹುದು ಎನ್ನುವ ಪಟ್ಟಿ, ಅಲರ್ಜಿ, ಡಾಕ್ಟರ ನಂಬರ್ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿರಲಿ. ನಾಳೆ ಮಾತು ಬಂದರೆ ನಿಮ್ಮ ಪರ ಮಾತಾಡುವುದು ಆ ಪುಸ್ತಕವೇ.

ಏನಾದರೂ ಆಗಿಬಿಟ್ಟರೆ

ಮಗು ಡೇ ಕೇರ್ ಹೆಸರೆತ್ತಿದರೆ ಬೆಚ್ಚುತ್ತದೆ, ಮೈಮೇಲೆ ಕಾರಣ ತಿಳಿಯದ ಗುರುತು, ಎಂದಿಲ್ಲದ ನಿದ್ದೆ ಬರುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು... ಇವನ್ನು 'ಹಟ' ಎಂದು ತಳ್ಳಿಹಾಕಬೇಡಿ. ಫೋಟೊ ತೆಗೆದಿಡಿ, ಡಾಕ್ಟರಿಗೆ ತೋರಿಸಿ, ಸಿಸಿಟಿವಿ ದೃಶ್ಯ ಅಳಿಸದಂತೆ ಆ ದಿನವೇ ಬರವಣಿಗೆಯಲ್ಲಿ ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.

ಮಕ್ಕಳ ಸಹಾಯವಾಣಿ 1098, ತುರ್ತು ಪೊಲೀಸ್ ನೆರವಿಗೆ 112. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ನೌಕರರು ಅಥವಾ ನಡೆಸುವವರೇ ಕ್ರೌರ್ಯ ತೋರಿದರೆ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷ ರೂಪಾಯಿವರೆಗೆ ದಂಡ. ಲೈಂಗಿಕ ದೌರ್ಜನ್ಯದ ವಿಷಯವಾದರೆ, 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿದ್ದೂ ದೂರು ಕೊಡದೆ ಮುಚ್ಚಿಡುವುದೇ ಅಪರಾಧ. 'ನಮ್ಮ ಸಂಸ್ಥೆಯ ಹೆಸರು ಹಾಳಾಗುತ್ತೆ, ಇಲ್ಲೇ ಮುಗಿಸೋಣ' ಎನ್ನುವ ಮಾತಿಗೆ ಬಗ್ಗಬೇಡಿ. ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು.

ಈ ವಾರ ಒಂದು ಕೆಲಸ ಮಾಡಿ. ಮಗು ಹೋಗುತ್ತಿರುವ, ಅಥವಾ ಹೋಗಬೇಕೆಂದಿರುವ ಡೇ ಕೇರ್‌ನ ಪರವಾನಗಿಯ ಜೆರಾಕ್ಸ್, ಆಯಾಗಳ ಹೆಸರಿನ ಪಟ್ಟಿ, ಎಷ್ಟು ಮಕ್ಕಳಿಗೆ ಎಷ್ಟು ಜನ ಎನ್ನುವ ಲೆಕ್ಕ, ಈ ಮೂರನ್ನು ಕೇಳಿ ತಂದು ಮಗುವಿನ ಲಸಿಕೆ ಕಾರ್ಡ್ ಇಟ್ಟಿರುವ ಫೈಲ್‌ನಲ್ಲೇ ಸೇರಿಸಿ. ಕೊಡಲಿಲ್ಲವೆಂದರೆ ಇನ್ನೊಂದು ಡೇ ಕೇರ್ ಹುಡುಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?