ಸೊಟ್ಟ ಬಾಗಿಲಿಗೆ ಬಡಿಗೇರರನ್ನು ಬೈಯುವ ಮುನ್ನ

ಮಾನ್ವಿಯಲ್ಲೋ ದೇವದುರ್ಗದಲ್ಲೋ ಹೊಸ ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಗೃಹಪ್ರವೇಶದ ದಿನ ಬೆರಳಲ್ಲಿ ತಳ್ಳಿದರೆ ಮುಚ್ಚುತ್ತಿದ್ದ ಬಾಗಿಲು ಮೊದಲ ಮಳೆಗಾಲಕ್ಕೇ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಮುಂದಿನ ಬೇಸಿಗೆ ಬಂತೆಂದರೆ ಹಲಗೆಗಳ ನಡುವಿಂದ ಬೆಳಕು ಇಣುಕುತ್ತೆ. ಬೈಗುಳ ಬೀಳೋದು ಬಡಿಗೇರರಿಗೆ. "ಕಟಗಿ ಹಸಿ ಇತ್ರೀ, ನಾ ಏನ್ ಮಾಡ್ಲಿ" ಅಂದರೆ ಯಾರೂ ನಂಬಲ್ಲ, ಕೊನೆಯ ಕಂತಿನ ದುಡ್ಡು ನಿಂತುಹೋಗುತ್ತೆ. ಎರಡನೇ ಮನೆ ಕಟ್ಟಿಸುವಾಗ ಅದೇ ಮಾಲೀಕರು ಫ್ಯಾಕ್ಟರಿಯ ರೆಡಿಮೇಡ್ ಬಾಗಿಲು ತರುತ್ತಾರೆ. ಊರಿನ ಒಂದು ಕಸುಬು ಹೀಗೆ ಸದ್ದಿಲ್ಲದೆ ಸೋಲುತ್ತಾ ಹೋಗುತ್ತೆ.

ಆದರೆ ಬಡಿಗೇರರು ಹೇಳಿದ್ದು ನಿಜ. ಕಟ್ಟಿಗೆಯಲ್ಲಿ ನೀರು ಎರಡು ಕಡೆ ಇರುತ್ತೆ. ಒಂದು, ಕೊಳವೆಯಂಥ ಜೀವಕೋಶಗಳ ಪೊಳ್ಳಿನಲ್ಲಿ. ಇನ್ನೊಂದು, ಆ ಕೋಶಗಳ ಗೋಡೆಯೊಳಗೆ. ಪೊಳ್ಳಿನ ನೀರು ಹೋದರೆ ಹಲಗೆ ಹಗುರವಾಗುತ್ತೆ ಅಷ್ಟೇ, ಅಳತೆ ಬದಲಾಗಲ್ಲ. ತೇವಾಂಶ ಸುಮಾರು 30%ಗಿಂತ ಕೆಳಗಿಳಿದಾಗ ಗೋಡೆಯ ನೀರು ಹೊರಡುತ್ತೆ, ಕುಗ್ಗುವಿಕೆ ಶುರುವಾಗೋದು ಆಗ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗೋದು ಲೆಕ್ಕಕ್ಕೇ ಇಲ್ಲ. ಆದರೆ ಮರದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹಲಗೆ ಸೊಟ್ಟಾಗೋದು ಇದರಿಂದಲೇ.

ಲೆಕ್ಕ ಹಾಕೋಣ. ಸಾಗವಾನಿಯಂಥ ಒಳ್ಳೆ ಕಟ್ಟಿಗೆಯೂ ತೇವಾಂಶ 1% ಇಳಿದರೆ ಅಗಲದಲ್ಲಿ ಸುಮಾರು 0.2% ಕುಗ್ಗಬಲ್ಲದು. 18% ತೇವಾಂಶ ಇದ್ದಾಗ ಕೂಡಿಸಿದ, 200 ಮಿ.ಮೀ. ಅಗಲದ ನಾಲ್ಕು ಹಲಗೆಯ ಬಾಗಿಲು 8%ಗೆ ಇಳಿದರೆ ಒಟ್ಟು 16 ಮಿ.ಮೀ. ಕಡಿಮೆಯಾಗುತ್ತೆ. ಅರ್ಧ ಇಂಚಿಗಿಂತ ಜಾಸ್ತಿ! ಎಂಥ ಉಳಿ, ಎಂಥ ಕೈಚಳಕ ಇದ್ದರೂ ಇದನ್ನು ತಡೆಯೋಕಾಗಲ್ಲ.

"ರಾಯಚೂರಲ್ಲಿ ಬಿಸಿಲಿಗೇನು ಬರ, ಹೊರಗಿಟ್ಟರೆ ತಾನೇ ಒಣಗುತ್ತಲ್ಲ" ಅಂತ ನೀವು ಕೇಳಬಹುದು. ಒಣಗುತ್ತೆ, ಆದರೆ ಕೆಟ್ಟದಾಗಿ. ನೇರ ಬಿಸಿಲಿಗೆ ಹಸಿ ಹಲಗೆಯ ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡುತ್ತೆ, ಒಳಗಿನ ಹಸಿ ತಿರುಳು ಬಿಡಲ್ಲ. ಈ ಜಗ್ಗಾಟದಲ್ಲಿ ಮೇಲ್ಮೈ ಬಿರುಕು ಬಿಡುತ್ತೆ, ತುದಿಗಳು ಸೀಳುತ್ತವೆ. ಮುಟ್ಟಿದರೆ ಒಣಗಿದಂತೆ ಕಾಣುವ ಹಲಗೆ ಒಳಗೆ ಹಸಿಯಾಗೇ ಇರುತ್ತೆ. ನಮ್ಮ ಹವೆಯ ಏರಿಳಿತವೂ ಸಣ್ಣದಲ್ಲ. ಗಾಳಿಯ ತೇವ 30% ಇದ್ದರೆ ಕಟ್ಟಿಗೆ ಸುಮಾರು 6%ಗೆ ಹೋಗಿ ನಿಲ್ಲುತ್ತೆ, 80% ಇದ್ದರೆ ಸುಮಾರು 16%ಗೆ. ಮೇ ತಿಂಗಳ ಮಧ್ಯಾಹ್ನ ಮತ್ತು ಆಗಸ್ಟ್ ತಿಂಗಳ ಬೆಳಗ್ಗೆ ನಡುವೆ ರಾಯಚೂರಿನ ಗಾಳಿ ಈ ಎರಡೂ ತುದಿ ಮುಟ್ಟಿ ಬರುತ್ತೆ. ಹಾಗಾಗಿ ಬಾಗಿಲು ಮಾಡೋ ಮುಂಚೆಯೇ ಕಟ್ಟಿಗೆಯನ್ನು ಈ ಎರಡರ ನಡುವಿನ ಅಂಕಿಗೆ ತಂದು, ಒಳಗೂ ಹೊರಗೂ ಒಂದೇ ಸಮ ಮಾಡಬೇಕು. ಭಾರತೀಯ ಮಾನಕ ಐಎಸ್ 287 ಹೇಳೋದೂ ಇದನ್ನೇ. ಗಾಳಿಯ ತೇವದ ಪ್ರಕಾರ ದೇಶವನ್ನು ನಾಲ್ಕು ವಲಯ ಮಾಡಿ, ಎಲ್ಲಿ ಯಾವ ಕೆಲಸಕ್ಕೆ ಎಷ್ಟು ತೇವಾಂಶ ಇರಬಹುದು ಅಂತ ಅದು ಬರೆದಿಟ್ಟಿದೆ.

ನಲವತ್ತೆರಡು ಡಿಗ್ರಿಗೆ ಕುದಿಯುವ ನೀರು

ವ್ಯಾಕ್ಯೂಮ್ ಕಿಲ್ನ್ ಬರೋದು ಇಲ್ಲಿಗೆ. ಇಂಜಿನಿಯರಿಂಗ್ ಓದಿದವರಿಗೆ ಸ್ಟೀಮ್ ಟೇಬಲ್ ನೆನಪಿರಬಹುದು (ನನಗೆ ಪರೀಕ್ಷೆಯ ಭಯದ ಜೊತೆಗೇ ನೆನಪಾಗುತ್ತೆ). ನೀರು 100 ಡಿಗ್ರಿಗೆ ಕುದಿಯೋದು ಮೇಲೆ ಗಾಳಿಯ ಪೂರ್ತಿ ಒತ್ತಡ ಇದ್ದಾಗ ಮಾತ್ರ. ಒತ್ತಡವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಸುಮಾರು 46 ಡಿಗ್ರಿಗೇ ಕುದಿಯುತ್ತೆ. ಹನ್ನೆರಡನೇ ಒಂದು ಭಾಗಕ್ಕೆ ಇಳಿಸಿದರೆ ಸುಮಾರು 42, ಅಂದರೆ ರಾಯಚೂರಿನ ಬೇಸಿಗೆ ಮಧ್ಯಾಹ್ನದ ಬಿಸಿ.

ಹಲಗೆಗಳನ್ನು ಉಕ್ಕಿನ ಸಿಲಿಂಡರಿನೊಳಗಿಟ್ಟು, ಬಾಗಿಲು ಬಿಗಿದು, ಪಂಪಿನಿಂದ ಗಾಳಿ ಎಳೆದರೆ ಕಟ್ಟಿಗೆಯ ಒಳಗಿನ ನೀರು ಆ ಸಣ್ಣ ಬಿಸಿಗೇ ಆವಿಯಾಗಲು ಶುರುವಾಗುತ್ತೆ. ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಮ್ಮಿ. ಹಾಗಾಗಿ ಆವಿ ಕಟ್ಟಿಗೆಯ ಕೊಳವೆಗಳಗುಂಟ ಹೊರಗೆ ನುಗ್ಗುತ್ತೆ. ಸಾಮಾನ್ಯ ಬಿಸಿಗಾಳಿ ಕಿಲ್ನ್‌ನಲ್ಲಿ ವಾರಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಹಲವು ಸಲ ದಿನಗಳಲ್ಲಿ ಮುಗಿಯುತ್ತೆ. ಆಮ್ಲಜನಕ ಕಮ್ಮಿ ಇರೋದರಿಂದ ಬಣ್ಣ ಕೆಡೋದೂ ಕಮ್ಮಿ. ಹೆಚ್ಚು ಲಾಭ ಆಗೋದು ದಪ್ಪ ತುಂಡುಗಳಿಗೆ, ಅಂದರೆ ಚೌಕಟ್ಟು, ಕಂಬ, ಹೊಸ್ತಿಲುಗಳಿಗೆ. ಒಳಕೊಳವೆಗಳು ಮುಚ್ಚಿಕೊಂಡಿರುವ ಕೆಲವು ಗಟ್ಟಿ ಮರಗಳ ತಿರುಳಿಗೆ ಅಷ್ಟು ಲಾಭ ಇಲ್ಲ.

ಕಂಪನಿ ಬ್ರೋಷರುಗಳು ದೊಡ್ಡಕ್ಷರದಲ್ಲಿ ಹೇಳದ ಎರಡು ಮಾತಿವೆ. ಒಂದು: ವ್ಯಾಕ್ಯೂಮ್ ಅಂದರೆ ಪುಕ್ಕಟೆ ಒಣಗುವಿಕೆ ಅಲ್ಲ. ಕುದಿಯುವ ಬಿಂದು ಇಳಿಯುತ್ತೆ ನಿಜ, ಆದರೆ ಒಂದು ಕೆ.ಜಿ. ನೀರನ್ನು ಆವಿ ಮಾಡಲು ಬೇಕಾದ ಶಾಖ ಇಳಿಯಲ್ಲ, ತುಸು ಜಾಸ್ತಿಯೇ ಬೇಕು. ಸುಮಾರು 0.67 ಯೂನಿಟ್. ಅದರ ಮೇಲೆ, ಗಾಳಿಯೇ ಇಲ್ಲದ ಜಾಗದಲ್ಲಿ ಹಲಗೆಗೆ ಶಾಖ ತಲುಪಿಸೋದೇ ಕಷ್ಟ. ಅದಕ್ಕೆ ಹಲಗೆಗಳ ನಡುವೆ ಬಿಸಿನೀರು ಹರಿಯುವ ತಟ್ಟೆಗಳನ್ನು ಇಡ್ತಾರೆ, ಇಲ್ಲವೇ ರೇಡಿಯೋ ತರಂಗ ಬಳಸ್ತಾರೆ.

ಎರಡು: ಸಿಲಿಂಡರಿನ ಪ್ರತಿ ಚದರ ಅಡಿಯನ್ನು ಹೊರಗಿನ ಗಾಳಿ 800 ಕೆ.ಜಿ.ಗಿಂತ ಹೆಚ್ಚಿನ ಭಾರದಲ್ಲಿ ಅದುಮುತ್ತೆ. ಯೂಟ್ಯೂಬ್ ನೋಡಿ ಹಳೇ ಡ್ರಮ್ಮಿಗೆ ಪಂಪ್ ಹಚ್ಚುವ ಪ್ರಯೋಗ ದಯವಿಟ್ಟು ಬೇಡ. ಈ ಭಾರ ತಡೆಯುವ ಉಕ್ಕು, ಪಂಪು, ಆವಿಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್ ಎಲ್ಲ ಸೇರಿ ಯಂತ್ರ ದುಬಾರಿಯಾಗುತ್ತೆ. ಒಬ್ಬ ಬಡಿಗೇರರ ಅಂಗಡಿಗೆ ಅದು ಎಟುಕುವ ಮಾತಲ್ಲ.

ಟೂಲ್‌ಕಿಟ್ ಕೊಟ್ಟರೆ ಸಾಕಾ?

ಸೆಪ್ಟೆಂಬರ್ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ತರಬೇತಿ, 15,000 ರೂಪಾಯಿಯ ಟೂಲ್‌ಕಿಟ್, 5% ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಇದನ್ನು ನಾನು ಹಗುರ ಮಾಡಲ್ಲ. ಆದರೆ ಒಳ್ಳೆ ಡ್ರಿಲ್ ಮಷಿನ್ನಿನಿಂದ ಹಸಿ ಕಟ್ಟಿಗೆ ಒಣಗಲ್ಲ. ಕಾಲುವೆ ನೀರನ್ನು ಪ್ರತಿ ರೈತರೂ ತಾವೇ ಅಣೆಕಟ್ಟು ಕಟ್ಟಿ ತರಲಿ ಅಂತ ನಾವು ಹೇಳ್ತೀವಾ? ಕಿಲ್ನ್ ಕೂಡ ಅಂಥದ್ದೇ. ಅದು ಹಂಚಿಕೊಂಡು ಬಳಸಬೇಕಾದ ಸೌಕರ್ಯ, ಸಾಲ ಮಾಡಿ ಒಬ್ಬರೇ ಕೊಳ್ಳುವ ಹತಾರ ಅಲ್ಲ. ಕೇಂದ್ರದ ಎಂಎಸ್ಎಂಇ ಇಲಾಖೆಯಲ್ಲಿ ಕ್ಲಸ್ಟರ್ ಯೋಜನೆಯಡಿ ಕಾಮನ್ ಫೆಸಿಲಿಟಿ ಸೆಂಟರ್‌ಗೆ ಅನುದಾನ ಕೊಡುವ ದಾರಿ ಇದೆ. ನಮ್ಮಲ್ಲಿ 371(ಜೆ) ಇದೆ, ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2024-25ರ ಬಜೆಟ್‌ನಲ್ಲಿ ಅದಕ್ಕೆ ಘೋಷಿಸಿದ್ದು 5,000 ಕೋಟಿ. 2002ರಲ್ಲೇ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದದ್ದು ಅಂದ ದೇವದುರ್ಗ ಈ ದುಡ್ಡನ್ನು ಬರೀ ಸಮುದಾಯ ಭವನಗಳಲ್ಲಿ ನೋಡಬೇಕಾಗಿಲ್ಲ.

ಶಾಖ ಎಲ್ಲಿಂದ? ಶಕ್ತಿನಗರದ 1,720 ಮೆಗಾವಾಟ್, ಯರಮರಸ್‌ನ 1,600 ಮೆಗಾವಾಟ್ ಸ್ಥಾವರಗಳ ಹಾರುಬೂದಿಯನ್ನು ಉಸಿರಾಡುವ ಜಿಲ್ಲೆಗೆ ಕರೆಂಟು ಸಾಲಲ್ಲ ಅಂತ ಯಾರೂ ಹೇಳಬಾರದು. ಆದರೂ ಕರೆಂಟಿನಿಂದ ಕಟ್ಟಿಗೆ ಕಾಯಿಸೋದು ದಂಡ ಖರ್ಚು. ಇನ್ನೂ ಹತ್ತಿರದ ದಾರಿ ಭತ್ತದ ಹೊಟ್ಟು. ಒಣಗಿದ ಮೇಲೆ 17 ಕೆ.ಜಿ. ತೂಗುವ ಒಂದು ಸಿಎಫ್‌ಟಿ ಕಟ್ಟಿಗೆಯನ್ನು 50%ನಿಂದ 12%ಗೆ ತರಲು ಸುಮಾರು 6.5 ಕೆ.ಜಿ. ನೀರು ತೆಗೆಯಬೇಕು. ಬೇಕಾದ ಶಾಖ 4.3 ಯೂನಿಟ್. ಒಂದು ಕೆ.ಜಿ. ಹೊಟ್ಟಿನಲ್ಲಿ ಸುಮಾರು 3.6 ಯೂನಿಟ್ ಶಾಖ ಇದೆ. ಅರ್ಧಕ್ಕಿಂತ ಹೆಚ್ಚು ಪೋಲಾದರೂ ಸಿಎಫ್‌ಟಿಗೆ ಮೂರು ಕೆ.ಜಿ. ಹೊಟ್ಟು ಸಾಕು. ಮಾನ್ವಿ ಕಡೆಯ ಅಕ್ಕಿ ಗಿರಣಿಗಳ ಬಾಯ್ಲರುಗಳು ಸುಡೋದೂ ಇದನ್ನೇ. ಕಿಲ್ನ್‌ಗೆ ಬೇಕಾದ 60 ಡಿಗ್ರಿಯ ನೀರು ಅವುಗಳ ಪಾಲಿಗೆ ಉಳಿಕೆ ಬಿಸಿ.

ನನ್ನನ್ನು ಕೇಳಿದರೆ ಎಲ್ಲಕ್ಕೂ ವ್ಯಾಕ್ಯೂಮ್ ಬೇಕಿಲ್ಲ. ತೆಳು ಹಲಗೆಗಳಿಗೆ ನೆರಳಲ್ಲಿ ಪಟ್ಟಿ ಕೊಟ್ಟು ಅಟ್ಟಿ ಹಾಕಿ, ಆಮೇಲೆ ಸೋಲಾರ್ ಕಿಲ್ನ್‌ನಲ್ಲಿಟ್ಟರೂ ಆಗುತ್ತೆ. ವ್ಯಾಕ್ಯೂಮ್ ಯಂತ್ರವನ್ನು ದಪ್ಪ ಚೌಕಟ್ಟಿಗೆ, ಅವಸರದ ಆರ್ಡರಿಗೆ ಮೀಸಲಿಟ್ಟು, ರಾಯಚೂರಿನಲ್ಲಿ ಒಂದೇ ಒಂದು ಇಟ್ಟು ಸಿಎಫ್‌ಟಿ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಂಡರೆ ಸಾಕು. ಹೇಳಿಕೊಡಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಐಡಬ್ಲ್ಯೂಎಸ್‌ಟಿ ಇದೆ. 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿದ್ದು, ಮರಗೆಲಸದ ತರಬೇತಿ ಕೇಂದ್ರವೂ ಅಲ್ಲಿದೆ. ನಮ್ಮ ಐಟಿಐ ಹುಡುಗರು ಅಲ್ಲಿಗೆ ಹೋಗಿಬರಲು ಒಂದು ರಾತ್ರಿಯ ರೈಲು ಸಾಕು.

ಕಿಲ್ನ್ ಬರೋವರೆಗೂ ಕೂರಬೇಕಿಲ್ಲ. ಮುಳ್ಳು ಚುಚ್ಚಿ ಓದುವ ತೇವಾಂಶ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತೆ. ಅದೂ ಬೇಡವೆಂದರೆ ಹಲಗೆಯ ನಡುವಿಂದ ಸಣ್ಣ ತುಂಡು ಕೊಯ್ದು ತೂಗಿ, 103 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯೋದು ನಿಲ್ಲುವ ತನಕ ಇಡಿ. ಹೋದ ತೂಕವನ್ನು ಉಳಿದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ ಸಿಕ್ಕಿತು. ಟಿಂಬರ್ ಡಿಪೋದ ಬಿಲ್ಲಿನಲ್ಲಿ ಜಾತಿ, ಸಿಎಫ್‌ಟಿ, ದರ, ಜಿಎಸ್‌ಟಿ ಇರುತ್ತೆ. ಅದರ ಕೆಳಗೆ ತೇವಾಂಶ ಎಷ್ಟು ಅಂತ ಇನ್ನೊಂದು ಸಾಲು ಬರೆಸಿಕೊಳ್ಳಿ. ಮುಂದಿನ ಸಲ ಬಾಗಿಲು ಕಚ್ಚಿದಾಗ ಬಡಿಗೇರರು ತೋರಿಸಲು ಒಂದು ಕಾಗದವಾದರೂ ಇರುತ್ತೆ.